ಹಾಡಿಗೆ ಹೋಗೋ ಸಿಸ್ಟರ್‌ಗಳಿಗೆ, ಆಶಾಗಳಿಗೆ ಯಾವ ಟ್ರೈನಿಂಗ್ ಕೊಡ್ಬೇಕು?

ಪ್ರಶ್ನೆ: ಮೇಡಂ ನಮಸ್ತೆ. ನಾನು ಎಚ್.ಡಿ. ಕೋಟೆ ಕಡೆ ಕಾಡಂಚಿನ ಒಂದು ಸಬ್‌ಸೆಂಟರ್‌ನಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ). ನಮ್ಮ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ವ್ಯಾಪ್ತಿಗೆ ಜೇನುಕುರುಬರು, ಕಾಡುಕುರುಬರು, ಯರವರ ಹಾಡಿಗಳು, ಅಂದ್ರೆ ಆದಿವಾಸಿಗಳ ಪುಟ್ಟ ಊರುಗಳು ಬರುತ್ವೆ. ಎಷ್ಟು ಹೇಳಿದ್ರೂ ಅವ್ರು ಆಸ್ಪತ್ರೆಗೆ ಬರಲ್ಲ, ಬಂದು ಅಡ್ಮಿಟ್ ಆದವ್ರೂ ರಾತ್ರಿ ಹೇಳ್ದೆ ಕೇಳ್ದೆ ಎದ್ದು ಹೋಗ್ತಾರೆ. ನಮ್ಮ ಎಂಒ (ವೈದ್ಯಾಧಿಕಾರಿ) ಅವ್ರು ಆಶಾ, ಎಎನ್‌ಎಂ (ಹಳ್ಳಿಗೆ ಹೋಗೋ ಆರೋಗ್ಯ ಸಹಾಯಕಿ), ಸ್ಟಾಫ್ ನರ್ಸ್ ಎಲ್ರಿಗೂ ಸೇರಿಸಿ ಎರಡು ದಿನದ ಟ್ರೈನಿಂಗ್ ಮಾಡ್ಸಿ ಅಂದಿದಾರೆ. ಹಾಡಿಯವ್ರ ಸಂಸ್ಕೃತಿ ಬಗ್ಗೆ ಒಂದು ಪಿಪಿಟಿ ಇದ್ರೆ ಕಳ್ಸಿ, ಮತ್ತೆ ಟ್ರೈನಿಂಗ್ ಹೇಗೆ ಮಾಡ್ಬೇಕು ಅಂತ ಸ್ವಲ್ಪ ವಿವರವಾಗಿ ಹೇಳಿ.

ಉತ್ತರ: ಸಿಸ್ಟರ್, ನಮಸ್ತೆ. ಪಿಪಿಟಿ ಕಳ್ಸಲ್ಲ, ಬೇಜಾರು ಮಾಡ್ಕೋಬೇಡಿ. ಅಂಥವು ಬೇಕಾದಷ್ಟು ಓಡಾಡ್ತಿವೆ, ಜೇನುಕುರುಬರು ಹೀಗೆ, ಸೋಲಿಗರು ಹಾಗೆ, ಯರವರು ಇದನ್ನ ಒಪ್ಪಲ್ಲ ಅಂತ ಪಟ್ಟಿ ಮಾಡಿರೋವು. ಅದನ್ನ ನೋಡ್ಕೊಂಡು ವಾರ್ಡಿಗೆ ಹೋದ ನರ್ಸು ಎದುರಿಗೆ ಮಲಗಿರೋ ಹೆಣ್ಮಗಳನ್ನ ನೋಡಲ್ಲ, ಪಟ್ಟೀಲಿರೋದನ್ನ ಅವಳ ಮೈಮೇಲೆ ಹುಡುಕ್ತಾಳೆ. ಒಂದೇ ಹಾಡೀಲಿ ಡಿಗ್ರಿ ಓದಿರೋ ಹುಡ್ಗಿ ಇರ್ತಾಳೆ, ಕಾಫಿ ತೋಟದ ಲೈನ್ ಮನೇಲೇ ಬೆಳೆದವ್ರು ಇರ್ತಾರೆ, ಕಾಡು ಬಿಟ್ಟು ಆಚೆ ಬಂದಿದ್ದೇ ಮೊನ್ನೆ ಮೊನ್ನೆ ಅನ್ನೋ ಅಜ್ಜ ಇರ್ತಾರೆ, ಎಲ್ರನ್ನೂ ಒಂದು ಸ್ಲೈಡಿಗೆ ಹಾಕೋಕಾಗಲ್ಲ. ನಿಮ್ಮ ಸ್ಟಾಫ್‌ಗೆ ಟ್ರೈನಿಂಗ್ ಖಂಡಿತ ಬೇಕು, ಆದ್ರೆ ಅದರಲ್ಲಿ ಕಲಿಯೋ ಪಾಠ ಹಾಡಿಯವ್ರ ಮೇಲಲ್ಲ, ಆಸ್ಪತ್ರೆಯವ್ರಾದ ನಮ್ಮ ಮೇಲೆ. ನಾವು ಹೇಗೆ ಮಾತಾಡ್ತೀವಿ, ಯಾರನ್ನ ಕಾಯಿಸ್ತೀವಿ, ಯಾರ ನೋವನ್ನ ನಂಬ್ತೀವಿ, ಇಷ್ಟೇ.

ಇದು ನನ್ನ ಸ್ವಂತ ಕಲ್ಪನೆ ಅಲ್ಲ. ನ್ಯೂಜಿಲೆಂಡಿನಲ್ಲಿ 1980ರ ದಶಕದ ಕೊನೇಲಿ ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ನರ್ಸ್‌ಗಳಿಂದ, ನರ್ಸಿಂಗ್ ಓದ್ತಿದ್ದ ಮಾವೋರಿ ಹುಡ್ಗೀರಿಂದ ಈ ವಿಚಾರ ಬಂತು. ಕಾನೂನಿನ ಸುರಕ್ಷತೆ, ಔಷಧಿ ಕೊಡೋದ್ರಲ್ಲಿ ಸುರಕ್ಷತೆ ಎಲ್ಲ ಕಲಿಸ್ತೀರಲ್ಲ, ನಮ್ಮ ಜನ ಆಸ್ಪತ್ರೆಗೆ ಬಂದಾಗ ಅವ್ರ ಮಾನ, ಅವ್ರ ನಡೆನುಡಿಗೆ ಪೆಟ್ಟಾಗದೆ ಇರೋ ಸುರಕ್ಷತೆ ಎಲ್ಲಿ ಅಂತ ಅವ್ರು ಕೇಳಿದ್ರು. ಇರಿಹಾಪೆಟಿ ರಾಮ್ಸ್‌ಡೆನ್ ಅನ್ನೋ ಮಾವೋರಿ ನರ್ಸ್ ಅದಕ್ಕೆ ಒಂದು ರೂಪ ಕೊಟ್ರು, 1992ರ ಹೊತ್ತಿಗೆ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಅದನ್ನ ಪಾಠದೊಳಗೇ ಸೇರಿಸ್ತು. ಸಾಂಸ್ಕೃತಿಕ ಸುರಕ್ಷತೆ ಅಂತ ಕರೀತಾರೆ. ಅದರ ಜೀವಾಳ ಇರೋದು ಒಂದೇ ಮಾತಲ್ಲಿ: ಸೇವೆ ಸುರಕ್ಷಿತವಾಗಿತ್ತಾ ಇಲ್ವಾ ಅಂತ ಹೇಳೋ ಹಕ್ಕು ಸೇವೆ ತಗೊಂಡವ್ರದ್ದು, ಕೊಟ್ಟವ್ರದ್ದಲ್ಲ. ನಾವು ಒಳ್ಳೇ ಮನಸ್ಸಿಂದಾನೇ ಮಾಡಿದ್ವಿ ಅನ್ನೋದು ಇಲ್ಲಿ ಲೆಕ್ಕಕ್ಕೆ ಬರಲ್ಲ. ನಿಮ್ಮ ಎರಡು ದಿನದ ಟ್ರೈನಿಂಗ್‌ನಲ್ಲಿ ಈ ಒಂದು ಮಾತು ಎಲ್ರ ತಲೆಗೆ ಹೋದ್ರೆ ಅರ್ಧ ಕೆಲಸ ಆದಂಗೆ, ಯಾಕಂದ್ರೆ ನಮ್ಮ ನರ್ಸ್‌ಗಳಲ್ಲಿ ಕೆಟ್ಟವ್ರು ತೀರಾ ಕಮ್ಮಿ, ಆದ್ರೂ ಜನ ಎದ್ದು ಹೋಗ್ತಿದಾರಲ್ಲ.

ಇದು ಬರೀ ಮರ್ಯಾದೆ ಪ್ರಶ್ನೆ, ಚಿಕಿತ್ಸೆಗೂ ಇದಕ್ಕೂ ಏನು ಸಂಬಂಧ ಅಂತ ನಿಮ್ಮ ಸ್ಟಾಫ್‌ನಲ್ಲಿ ಯಾರಾದ್ರೂ ಕೇಳೇ ಕೇಳ್ತಾರೆ. ಅವ್ರಿಗೆ ಬ್ರಯಾನ್ ಸಿಂಕ್ಲೇರ್ ಕಥೆ ಹೇಳಿ. ಕೆನಡಾದ ವಿನಿಪೆಗ್‌ನಲ್ಲಿ 2008ರ ಸೆಪ್ಟೆಂಬರ್‌ನಲ್ಲಿ ಈ ಮೂಲನಿವಾಸಿ ಮನುಷ್ಯ, ವಯಸ್ಸು 45, ಎರಡೂ ಕಾಲಿಲ್ಲ, ವೀಲ್‌ಚೇರ್‌ನಲ್ಲಿ ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಬಂದ್ರು. ಕ್ಯಾಥೆಟರ್, ಅಂದ್ರೆ ಮೂತ್ರ ಹೋಗೋ ಕೊಳವೆ, ಮುಚ್ಕೊಂಡಿತ್ತು, ಕ್ಲಿನಿಕ್‌ನವ್ರು ಚೀಟಿ ಬರ್ದೂ ಕೊಟ್ಟಿದ್ರು. 34 ಗಂಟೆ ಅಲ್ಲೇ ಕೂತಿದ್ರು, ವಾಂತಿ ಮಾಡ್ಕೊಂಡ್ರು, ಪಕ್ಕದಲ್ಲಿ ಕೂತಿದ್ದ ಜನಾನೇ ಸ್ಟಾಫ್ ಹತ್ರ ಹೋಗಿ ಹೇಳಿದ್ರು, ಆದ್ರೂ ಯಾರೂ ಬಂದು ನೋಡ್ಲಿಲ್ಲ. ಕೊನೆಗೆ ಕೂತಲ್ಲೇ ಸತ್ತೋದ್ರು. ಕಾಯಿಲೆ ಏನು ಅಂದ್ರೆ ಮೂತ್ರಕೋಶದ ಇನ್ಫೆಕ್ಷನ್, ಆಂಟಿಬಯಾಟಿಕ್ ಕೊಟ್ಟು ಕ್ಯಾಥೆಟರ್ ಬದಲಾಯಿಸಿದ್ರೆ ಬದುಕ್ತಿದ್ರು. ವಿಚಾರಣೇಲಿ ಗೊತ್ತಾಗಿದ್ದು ಏನಂದ್ರೆ, ಕುಡ್ದಿರ್ಬೇಕು, ಮನೆ ಮಠ ಇಲ್ಲದವನು ಬೆಚ್ಚಗೆ ಕೂತಿರೋಕೆ ಬಂದಿರ್ಬೇಕು ಅಂತ ಸ್ಟಾಫ್ ತಾವೇ ಅಂದ್ಕೊಂಡಿದ್ರು. ಹನ್ನೆರಡು ವರ್ಷ ಆದ್ಮೇಲೆ, 2020ರಲ್ಲಿ, ಅದೇ ಕೆನಡಾದ ಕ್ವಿಬೆಕ್‌ನಲ್ಲಿ ಜಾಯ್ಸ್ ಎಚಾಕ್ವಾನ್ ಅನ್ನೋ ಅಟಿಕಾಮೆಕ್ ಮೂಲನಿವಾಸಿ ಹೆಣ್ಮಗಳು, ಏಳು ಮಕ್ಕಳ ತಾಯಿ, ಹೊಟ್ಟೆನೋವು ಅಂತ ಅಡ್ಮಿಟ್ ಆಗಿದ್ದೋರು, ಸ್ಟಾಫ್ ತನ್ನನ್ನ ಹೀನಾಯವಾಗಿ ಬೈಯೋದನ್ನ ಹಾಸಿಗೆ ಮೇಲಿಂದಾನೇ ಫೇಸ್‌ಬುಕ್‌ನಲ್ಲಿ ಲೈವ್ ಹಾಕಿದ್ರು, ಸ್ವಲ್ಪ ಹೊತ್ತಲ್ಲೇ ತೀರ್ಕೊಂಡ್ರು. ಆ ಸಾವಿಗೆ ಜನಾಂಗ ಭೇದಾನೂ ಕಾರಣ ಅಂತ ಅಲ್ಲಿನ ಕರೋನರ್ (ಸಾವಿನ ವಿಚಾರಣೆ ಮಾಡೋ ಅಧಿಕಾರಿ) 2021ರಲ್ಲಿ ಬರೆದ್ರು. ಹಣ, ಮಷೀನು, ಡಾಕ್ಟ್ರು ಎಲ್ಲ ಇರೋ ದೇಶದಲ್ಲಿ ಆಗಿದ್ದು ಇದು.

ಕೆನಡಾ ಕಥೆ ನಮಗ್ಯಾಕೆ ಅಂತೀರಾ, ನಮ್ಮ ಕಡೆ ಸಿಕಲ್ ಸೆಲ್ ಇದೆಯಲ್ಲ, ಕೆಂಪು ರಕ್ತಕಣ ಕುಡುಗೋಲಿನ ಥರ ಬಾಗೋ, ಅಪ್ಪ ಅಮ್ಮನಿಂದ ಬರೋ ರಕ್ತದ ಕಾಯಿಲೆ. ನಿಮ್ಮ ಹಾಡಿಗಳಲ್ಲಿ ಈ ಕಾಯಿಲೆ ಇರೋ ಮನೆಗಳು ಇದ್ದೇ ಇರ್ತವೆ. ಕೇಂದ್ರ ಸರ್ಕಾರ 2023ರ ಜುಲೈ 1ಕ್ಕೆ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಶುರು ಮಾಡ್ತು, 17 ರಾಜ್ಯಗಳಲ್ಲಿ 7 ಕೋಟಿ ಜನರ ಸ್ಕ್ರೀನಿಂಗ್ ಅಂತ, ಕರ್ನಾಟಕಾನೂ ಅದರಲ್ಲಿದೆ, ನೀವೂ ಬೆರಳು ಚುಚ್ಚಿ ಟೆಸ್ಟ್ ಮಾಡ್ಸಿರ್ತೀರ. ಆದ್ರೆ ಸಿಕಲ್ ಸೆಲ್ ನೋವಿನ ಕ್ರೈಸಿಸ್ ಬಂದವ್ರನ್ನ ನೋಡೋಕೆ ಏನೂ ಕಾಣ್ಸಲ್ಲ. ಗಾಯ ಇಲ್ಲ, ಊತ ಇಲ್ದೇನೂ ಇರಬಹುದು, ಬಿಪಿ ನಾರ್ಮಲ್. ಮೂಳೆ ಒಳಗೆ ರಕ್ತ ಹರಿಯೋದು ನಿಂತು ಒದ್ದಾಡ್ತಿರ್ತಾರೆ.

ಟ್ರೈನಿಂಗ್‌ನಲ್ಲಿ ಇದನ್ನೇ ಒಂದು ನಾಟಕದ ಥರ ಮಾಡ್ಸಿ. ರಾತ್ರಿ ಎಂಟು ಗಂಟೆ, ಇಪ್ಪತ್ತೆರಡು ವರ್ಷದ ಹುಡ್ಗ, ಜೊತೇಲಿ ಅಣ್ಣ, ಅಣ್ಣನ ಬಾಯಲ್ಲಿ ಸಾರಾಯಿ ವಾಸನೆ. ಹುಡ್ಗ ಕೈ ಕಾಲು ನೋವು ಅಂತ ನೆಲದ ಮೇಲೆ ಉರುಳಾಡ್ತಿದಾನೆ. ಡ್ಯೂಟೀಲಿರೋ ಸಿಸ್ಟರ್ ಮೊದ್ಲು ಬಾಯಿಬಿಟ್ಟು ಏನ್ ಹೇಳ್ತಾರೆ ಅಂತ ನೋಡಿ. "ಎಷ್ಟು ಕುಡ್ದಿದೀಯ", "ಏಯ್ ಸುಮ್ನೆ ಕೂತ್ಕೋ, ಡ್ರಾಮಾ ಮಾಡ್ಬೇಡ", "ಒಂದು ಡೈಕ್ಲೋ (ನೋವಿನ ಇಂಜೆಕ್ಷನ್) ಹಾಕ್ತೀನಿ ಹೋಗು", ಇವು ಬರ್ತವೆ, ನಾಟಕದಲ್ಲೂ ತಾನಾಗೇ ಬರ್ತವೆ. ಅಲ್ಲಿಗೇ ನಿಲ್ಸಿ. ಯಾರನ್ನೂ ಬೈಬೇಡಿ. ಅದೇ ಹುಡ್ಗ ನಿಮ್ಮೂರಿನ ಪಂಚಾಯ್ತಿ ಮೆಂಬರ್ ಮಗ ಆಗಿದ್ರೆ ಮೊದಲನೇ ಮಾತು ಏನಿರ್ತಿತ್ತು ಅಂತ ಕೇಳಿ, ಎಲ್ರಿಗೂ ಉತ್ತರ ಗೊತ್ತಿರುತ್ತೆ. ಆಮೇಲೆ ಅದೇ ದೃಶ್ಯ ಮತ್ತೆ ಮಾಡ್ಸಿ: ಹೆಸರು ಕೇಳೋದು, ಕೂರಿಸೋದು, "ಸಿಕಲ್ ಸೆಲ್ ಕಾರ್ಡ್ ಇದೆಯಾ, ಮುಂಚೆ ಹಿಂಗೆ ನೋವು ಬಂದಿತ್ತಾ" ಅಂತ ಕೇಳೋದು, ಬೆಚ್ಚಗೆ ಹೊದಿಸೋದು, ನೀರು ಕೊಡೋದು, ಜ್ವರ ಮತ್ತೆ ಆಕ್ಸಿಜನ್ ನೋಡೋದು, ನೋವಿಗೆ ಸರಿಯಾದ ಔಷಧಿಗೆ ಡಾಕ್ಟ್ರಿಗೆ ಫೋನ್ ಮಾಡೋದು, ಎದೆನೋವು ಉಸಿರಾಟದ ಕಷ್ಟ ಇದ್ರೆ ತಡ ಮಾಡ್ದೆ 108 ಕರೆಸೋದು. ಅಣ್ಣ ಕುಡ್ದಿದ್ರೆ ಕುಡ್ದಿರ್ಲಿ, ಪೇಷೆಂಟ್ ಅವನಲ್ಲ. ಪೇಷೆಂಟೇ ಕುಡ್ದಿದ್ರೂ ನೋವು ಸುಳ್ಳಾಗಲ್ಲ.

ಸಿಕಲ್ ಸೆಲ್ ವಿಚಾರದಲ್ಲೇ ಇನ್ನೊಂದು. ಆಶ್ರಮ ಶಾಲೇಲಿ ಕ್ಯಾಂಪ್ ಮಾಡಿದಾಗ ರಿಸಲ್ಟ್‌ನ ಕ್ಲಾಸಲ್ಲಿ ಹೆಸರು ಕೂಗಿ ಹೇಳೋದು ದಯವಿಟ್ಟು ಬೇಡ. ಕ್ಯಾರಿಯರ್ ಅಂದ್ರೆ ಸಿಕಲ್ ಸೆಲ್ ಅಂಶ ಮಾತ್ರ ಇರೋರು, ಕಾಯಿಲೆ ಅಲ್ಲ ಅಂತ ನಮಗೆ ಗೊತ್ತು, ಪಕ್ಕದ ಬೆಂಚಿನ ಮಗುವಿಗೆ ಗೊತ್ತಿಲ್ಲ, ನಾಳೆ ಆ ಹುಡ್ಗಿ ಮದುವೆ ಮಾತು ಬಂದಾಗ ಅದೇ ಅಡ್ಡ ಬರುತ್ತೆ. ಅಪ್ಪ ಅಮ್ಮನ್ನ ಕೂರಿಸ್ಕೊಂಡು, ಬೇರೆಯವ್ರ ಕಿವಿಗೆ ಬೀಳದ ಹಾಗೆ ಹೇಳ್ಬೇಕು.

ಇನ್ನು ಟ್ರೈನಿಂಗ್‌ನ ಮೊದಲನೇ ದಿನದ ವಿಚಾರ. ಬೆಳಿಗ್ಗೆ ಅಷ್ಟೂ ಹೊತ್ತು ಆ ಜಾಗದ ಚರಿತ್ರೆಗೆ ಕೊಡಿ, ಅದನ್ನ ಹಾಡಿ ಹಿರಿಯರ ಬಾಯಿಂದ ಹೇಳ್ಸಿ. ಎಚ್.ಡಿ. ಕೋಟೇಲಿ ಕೆಲಸ ಮಾಡೋ ಎಷ್ಟೋ ಜನ ನರ್ಸ್‌ಗಳಿಗೆ ತಾವು ದಿನಾ ಹೋಗೋ ಹಾಡಿ ಆ ಜಾಗಕ್ಕೆ ಹೇಗೆ ಬಂತು ಅಂತಾನೇ ಗೊತ್ತಿಲ್ಲ. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರ್ತು, ಅದರ ಹಿಂದೇನೇ ಬೀಚನಹಳ್ಳಿ ಹತ್ರ ಕಬಿನಿ ಡ್ಯಾಮ್ ಆಯ್ತು, ನಾಗರಹೊಳೆ ನ್ಯಾಷನಲ್ ಪಾರ್ಕ್ ಆಯ್ತು, ಒಂದೊಂದು ಸಲಾನೂ ಕಾಡೊಳಗಿದ್ದ ಜನ ಎದ್ದು ಆಚೆ ಬರ್ಬೇಕಾಯ್ತು. ಹೈಕೋರ್ಟ್ ಹೇಳಿ ಮಾಡ್ಸಿದ ಪ್ರೊ. ಮುಜಾಫರ್ ಅಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಾಗ ನಾಗರಹೊಳೆಯಿಂದ ಹೊರಗೆ ಬಂದ ಆದಿವಾಸಿ ಕುಟುಂಬಗಳು 3,418 ಅಂತ ಹೇಳಿತ್ತು. ಅಂದ್ರೆ ಈಗ ನಿಮ್ಮ ಓಪಿಡೀಲಿ ಕೂತಿರೋ ಅಜ್ಜಿ ಸಣ್ಣವಳಿದ್ದಾಗ ಜೀಪಲ್ಲಿ ಬಂದವ್ರು, ಫೈಲ್ ಹಿಡ್ಕೊಂಡಿದ್ದೋರು, ಹೆಸರು ಬರ್ಕೊಂಡೋರು ಮನೆ ಖಾಲಿ ಮಾಡ್ಸಿದಾರೆ. ಈಗ ನೀವೂ ಜೀಪಲ್ಲೇ ಹೋಗ್ತೀರ, ರಿಜಿಸ್ಟರ್ ಹಿಡ್ಕೊಂಡು ಹೆಸರು ಬರ್ಕೋತೀರ, ಆಧಾರ್ ಕಾರ್ಡ್ ಕೇಳ್ತೀರ. ಅಜ್ಜಿ ಮನೆ ಹಿಂದಕ್ಕೆ ಹೋಗಿ ನಿಂತ್ಕೊಂಡ್ರೆ ಅದು ಮೂಢನಂಬಿಕೇನಾ? ಅವ್ರ ಅನುಭವ ಅವ್ರಿಗೆ ಕಲಿಸಿದ್ದು ಅಷ್ಟೇ.

ಕರಾವಳಿ ಕಡೆ ಯಾರಾದ್ರೂ ಇದನ್ನ ಓದ್ತಿದ್ರೆ ಅವ್ರಿಗೆ ಕೊರಗರ ಚರಿತ್ರೆ ಬೇಕು. ಅಜಲು ಅನ್ನೋ ಪದ್ಧತೀಲಿ ಬಸುರಿಯರ, ಕಾಯಿಲೆಯವ್ರ ಕೂದಲು ಉಗುರನ್ನ ಅನ್ನದಲ್ಲಿ ಕಲಸಿ ಕೊರಗರಿಗೆ ತಿನ್ನಿಸ್ತಿದ್ರು, ಅವ್ರ ದೋಷ ಇವ್ರಿಗೆ ಹೋಗ್ಲಿ ಅಂತ. ಅದನ್ನ ನಿಷೇಧ ಮಾಡೋ ಕಾಯ್ದೆ ನಮ್ಮ ರಾಜ್ಯದಲ್ಲಿ ಬಂದಿದ್ದು 2000ದಲ್ಲಿ. ನಿನ್ನೆ ಮೊನ್ನೆಯ ವಿಚಾರ ಇದು! ಆ ಸಮುದಾಯದ ಹೆಣ್ಮಗಳಿಗೆ ನಾವು ಒಂದು ಪೌಷ್ಟಿಕ ಪುಡಿ ಪ್ಯಾಕೆಟ್ ಕೊಟ್ಟು ತಿನ್ನು ಅಂದಾಗ ಅವಳು ಅನುಮಾನ ಪಟ್ರೆ, ಯಾಕೆ ಅಂತ ಗೊತ್ತಿದ್ದ ನರ್ಸಿಗೆ ಸಿಟ್ಟು ಬರಲ್ಲ. ನನ್ನ ಪ್ರಕಾರ ಚರಿತ್ರೆ ಹೇಳ್ಬೇಕಿರೋದು ಇದಕ್ಕೇನೇ, ಸಿಟ್ಟು ಬರೋ ಜಾಗದಲ್ಲಿ ಅರ್ಥ ಆಗೋಕೆ.

ಹಿರಿಯರನ್ನ ಕರೆಸಿದಾಗ ಎರಡು ವಿಷಯ ಮರೀಬೇಡಿ. ಒಂದು, ಬೇರೆ ರಿಸೋರ್ಸ್ ಪರ್ಸನ್‌ಗೆ ಎಷ್ಟು ಗೌರವಧನ ಕೊಡ್ತೀರೋ ಅಷ್ಟೇ ಕೊಡಿ, ಬಸ್ ಚಾರ್ಜ್, ಆ ದಿನದ ಕೂಲಿ ಹೋಗಿದ್ದು ಎಲ್ಲ ಸೇರಿ. ಡಿಸ್ಟ್ರಿಕ್ಟಿಂದ ಬಂದವ್ರಿಗೆ ಕವರ್, ಹಾಡಿಯವ್ರಿಗೆ ಶಾಲು ಹಣ್ಣು, ಇದು ಬೇಡವೇ ಬೇಡ. ಎರಡನೇದು, ಕುಣೀರಿ ಹಾಡೀರಿ ಅಂತ ಕೇಳ್ಬೇಡಿ. ಎಷ್ಟೋ ಕಾರ್ಯಕ್ರಮದಲ್ಲಿ ಆದಿವಾಸಿಗಳು ಅಂದ್ರೆ ಉದ್ಘಾಟನೆಗೆ ಮುಂಚೆ ಕುಣಿಯೋರು ಅಂತಾನೇ ಆಗಿಬಿಟ್ಟಿದೆ. ಅವ್ರು ಅಲ್ಲಿ ಪಾಠ ಮಾಡೋಕೆ ಬಂದಿದಾರೆ, ನೀವೆಲ್ಲ ಕಲಿಯೋಕೆ ಕೂತಿದೀರ.

ಮಧ್ಯಾಹ್ನ ಏನ್ ಮಾಡ್ಬೇಕು ಅಂದ್ರೆ, ನಿಮ್ಮದೇ ಪಿಎಚ್‌ಸಿ ಒಳಗೆ ಒಂದು ಸುತ್ತು ಹೋಗಿ, ಆದ್ರೆ ಹಾಡಿಯಿಂದ ಬಂದ ಹೆಂಗಸ್ರು ಮುಂದೆ, ಸ್ಟಾಫ್ ಹಿಂದೆ. ಗೇಟಿಂದ ಶುರು ಮಾಡಿ. ಚೀಟಿ ಮಾಡ್ಸೋ ಕಿಟಕಿ ಹತ್ರ ಏನಾಗುತ್ತೆ, ಎಲ್ಲಿ ಕೂತ್ಕೋಬೇಕು ಅಂತ ಹೇಗೆ ಗೊತ್ತಾಗುತ್ತೆ, ಬೋರ್ಡ್ ಓದಕ್ಕೆ ಬರದೆ ಇದ್ದೋರು ಲ್ಯಾಬ್ ಹೇಗೆ ಹುಡುಕ್ತಾರೆ, ಹೆರಿಗೆ ವಾರ್ಡಲ್ಲಿ ಜೊತೆಗೆ ಬಂದವ್ರು ರಾತ್ರಿ ಎಲ್ಲಿ ಮಲಗ್ತಾರೆ, ಒಲೆ ಹಚ್ಚೋಕೆ ಜಾಗ ಇದೆಯಾ. ನೀವು ಬರ್ದಿದ್ರಲ್ಲ ರಾತ್ರಿ ಎದ್ದು ಹೋಗ್ತಾರೆ ಅಂತ, ಅದಕ್ಕೆ ಉತ್ತರ ಬಹಳ ಸಲ ಇಲ್ಲೇ ಸಿಗುತ್ತೆ. ಸಂಜೆ ಆದ್ಮೇಲೆ ಜೊತೆಗಿದ್ದವ್ರನ್ನ ಆಚೆ ಕಳಿಸ್ತಾರೆ, ಒಬ್ಬಳೇ ಕಬ್ಬಿಣದ ಮಂಚದ ಮೇಲೆ, ಮನೇಲಿ ಇನ್ನಿಬ್ಬರು ಮಕ್ಕಳು, ಆನೆ ಓಡಾಡೋ ದಾರಿ, ನಾಳೆ ಬಿಟ್ರೆ ಬಸ್ ಇಲ್ಲ. ಅವಳು ಹೋಗದೆ ಇನ್ನೇನು ಮಾಡ್ತಾಳೆ ಹೇಳಿ.

ಮಹಾರಾಷ್ಟ್ರದ ಗಡಚಿರೋಲೀಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಇದನ್ನೇ ಗೊಂಡರ ಹತ್ರ ಕೇಳಿದ್ರು, ಯಾಕಪ್ಪಾ ಆಸ್ಪತ್ರೆಗೆ ಬರಲ್ಲ ಅಂತ. ಬಂದ ಉತ್ತರಗಳು ನೋಡಿ: ಅಷ್ಟು ದೊಡ್ಡ ಕಟ್ಟಡದಲ್ಲಿ ದಾರಿ ತಪ್ಪುತ್ತೆ, ಡಾಕ್ಟ್ರು ನರ್ಸು ಬಿಳಿ ಬಟ್ಟೆ ಹಾಕ್ತಾರೆ ನಾವು ಹೆಣಕ್ಕೆ ಬಿಳಿ ಬಟ್ಟೆ ಸುತ್ತೋದು, ನಮ್ಮವ್ರನ್ನ ಜೊತೇಲಿ ಇರೋಕೆ ಬಿಡಲ್ಲ. ಅವ್ರು ಅದನ್ನೆಲ್ಲ ಕೇಳಿಸ್ಕೊಂಡು ಹಳ್ಳಿ ಥರಾನೇ ಗುಡಿಸಲು ಗುಡಿಸಲಾಗಿ ಆಸ್ಪತ್ರೆ ಕಟ್ಟಿದ್ರು, ಮನೆಯವ್ರು ಜೊತೇಲೇ ಇರಬಹುದು, ಹೆಸರು ಅಲ್ಲಿನ ಜನರ ದೇವತೇದೇ, ಮಾ ದಂತೇಶ್ವರಿ. ಅದೇ ಜೋಡಿ ಹಳ್ಳಿ ಹೆಂಗಸ್ರಿಗೆ ತರಬೇತಿ ಕೊಟ್ಟು ಮನೇಲೇ ನವಜಾತ ಶಿಶು ಆರೈಕೆ ಮಾಡ್ಸಿ, ನವಜಾತ ಶಿಶುಗಳ ಮರಣ ಅರ್ಧಕ್ಕಿಂತ ಜಾಸ್ತಿ ಇಳಿಸಿದ್ರು, 1999ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು, ಇವತ್ತು ನಿಮ್ಮ ಆಶಾಗಳು ಎಚ್‌ಬಿಎನ್‌ಸಿ ಅಂತ ಮನೆ ಭೇಟಿ ಮಾಡ್ತಾರಲ್ಲ ಅದರ ಬೇರು ಅಲ್ಲೇ ಇರೋದು. ನೀವು ಕಟ್ಟಡ ಬದಲಾಯಿಸೋಕಾಗಲ್ಲ, ಗೊತ್ತು. ಜೊತೆಗೊಬ್ಬರು ಇರೋಕೆ ಬಿಡಬಹುದು, ಹೆರಿಗೆ ಸಮಯದಲ್ಲಿ ಜೊತೆಗಾತಿ ಇರಬಹುದು ಅಂತ ಸರ್ಕಾರದ ನಿಯಮಾನೇ ಹೇಳುತ್ತೆ. ಒಂದು ಚಾಪೆ ಕೊಡಬಹುದು.

ಹೆರಿಗೆ ವಿಚಾರ ಬಂದಿದ್ದಕ್ಕೆ ಸ್ವಲ್ಪ ನಿಂತು ಹೇಳ್ತೀನಿ, ಹಾಡಿ ಹೆಂಗಸ್ರು ಆಸ್ಪತ್ರೆಗೆ ಹೆದರೋದೇ ಜಾಸ್ತಿ ಇದಕ್ಕೆ. ಮನೇಲಿ ಕುಕ್ಕರಗಾಲಲ್ಲಿ ಕೂತೋ, ಹಗ್ಗ ಇಲ್ಲ ಕಂಬ ಹಿಡ್ಕೊಂಡೋ ಹೆರ್ತಿದ್ದ ಹೆಂಗಸನ್ನ ಟೇಬಲ್ ಮೇಲೆ ಅಂಗಾತ ಮಲಗಿಸಿ ಕಾಲು ಮೇಲೆತ್ತಿ, ಸುತ್ತ ಮೂರ್ನಾಲ್ಕು ಜನ ನಿಂತು ಮುಕ್ಕು ಮುಕ್ಕು ಅಂತ ಕೂಗಿದ್ರೆ ಅವಳಿಗೆ ನಾಚಿಕೆ ಜೊತೆ ಭಯಾನೂ ಆಗುತ್ತೆ. ತಮಾಷೆ ಅಲ್ಲ ಇದು, ವಿಜ್ಞಾನಾನೂ ಅವಳ ಕಡೇನೇ ಇದೆ. ತಾಯಿಗೆ ಯಾವ ಭಂಗಿ ಅನುಕೂಲಾನೋ ಅದರಲ್ಲಿ ಹೆರೋಕೆ ಬಿಡಿ, ಕೂತೋ ನಿಂತೋ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚೀಲೇ ಹೇಳಿದೆ. ತೊಂದರೆ ಇಲ್ಲದ ಹೆರಿಗೇಲಿ ಕೂತು ಹೆರೋಕೆ ಹೇಗೆ ಸಹಾಯ ಮಾಡೋದು, ಮಗು ಹೇಗೆ ಹಿಡಿಯೋದು, ರಕ್ತಸ್ರಾವ ಹೇಗೆ ಗಮನಿಸೋದು ಅಂತ ನಿಮ್ಮ ಸ್ಟಾಫ್ ನರ್ಸ್‌ಗಳಿಗೆ ಕೈಯಾರೆ ಮಾಡ್ಸಿ ಕಲಿಸಿ, ಹೆರಿಗೆ ಮಾಡ್ಸಿ ಅನುಭವ ಇರೋ ಹಾಡಿ ಅಜ್ಜೀನೂ ಕರೀರಿ. ಕಸ ಅಂದ್ರೆ ಮಾಸು, ಅದನ್ನ ಕೆಲವ್ರು ಮನೆ ಹತ್ರ ಹೂಳ್ಬೇಕು ಅಂತಾರೆ, ಬಕೆಟ್‌ಗೆ ಎಸೆಯೋ ಮುಂಚೆ ಬೇಕಾ ಅಂತ ಕೇಳಿ, ಸೋಂಕಿನ ಭಯ ಇಲ್ಲದಾಗ ಹೇಗೆ ಕಟ್ಟಿ ಕೊಡ್ಬೇಕು ಅಂತ ಎಂಒ ಹತ್ರ ಮೊದ್ಲೇ ಮಾತಾಡಿ ಇಟ್ಕೊಳಿ.

ಮಾತಿನ ವಿಚಾರ. ನಮ್ಮ ಕಡೆ ಹಾಡಿಯವ್ರಿಗೆ ಕನ್ನಡ ಬರುತ್ತಲ್ಲ, ಭಾಷೆ ತೊಂದರೆ ಎಲ್ಲಿ ಬಂತು ಅಂತಾರೆ. ಕನ್ನಡ ಬರುತ್ತೆ, ಆದ್ರೆ ನಮ್ಮ ಆಸ್ಪತ್ರೆ ಕನ್ನಡ ಬರಲ್ಲ. "ಊಟ ಆದ್ಮೇಲೆ ದಿನಕ್ಕೆ ಎರಡು ಸಲ" ಅಂತೀವಿ, ಕೂಲಿಗೆ ಹೋಗೋ ಮನೇಲಿ ಊಟದ ಲೆಕ್ಕಾನೇ ಬೇರೆ. ಹೂಂ ಅಂತ ತಲೆ ಆಡಿಸಿದ್ರು ಅಂದ್ರೆ ಅರ್ಥ ಆಯ್ತು ಅಂತಲ್ಲ, ಬೇಗ ಬಿಟ್ರೆ ಸಾಕು ಅಂತಾನೂ ಇರಬಹುದು. "ಮನೇಲಿ ಅತ್ತೆ ಕೇಳಿದ್ರೆ ಈ ಮಾತ್ರೆ ಹೇಗೆ ತಗೋಬೇಕು ಅಂತ ಹೇಳ್ತೀಯವ್ವ?" ಅಂತ ತಿರುಗಿ ಕೇಳೋ ಅಭ್ಯಾಸ ಮಾಡ್ಸಿ, ಪರೀಕ್ಷೆ ಮಾಡೋ ದನಿ ಬೇಡ. ಏಕವಚನದ ವಿಚಾರಾನೂ ಹೇಳ್ಬೇಕು. ಎಪ್ಪತ್ತು ವರ್ಷದ ಹಾಡಿ ಯಜಮಾನರಿಗೆ ಇಪ್ಪತ್ತೈದರ ಕಾಂಪೌಂಡರ್ "ಏ ಬಾರೋ ಇಲ್ಲಿ" ಅಂತಾನೆ, ಅದೇ ಲೈನಲ್ಲಿ ಹಿಂದೆ ನಿಂತಿರೋ ಊರಿನವ್ರಿಗೆ "ಬನ್ನಿ ಸಾರ್". ಲೈನಲ್ಲಿರೋ ಎಲ್ರಿಗೂ ಇದು ಕೇಳ್ಸುತ್ತೆ, ಹೇಳಿದವನಿಗೆ ಮಾತ್ರ ಕೇಳ್ಸಲ್ಲ. ಕೆಲವು ಹಾಡಿಯವ್ರು ತಮ್ಮ ಮಾತಿನ ರೂಢೀಲಿ ಡಾಕ್ಟ್ರನ್ನೂ ನೀನು ಅಂತಾರೆ, ಅದು ಪ್ರೀತಿಯ ಮಾತು, ಅದನ್ನ ಹಿಡ್ಕೊಂಡು ಅವ್ರೇ ಹಂಗೆ ಕರೀತಾರಲ್ಲ ಅಂತ ಸಮರ್ಥನೆ ಮಾಡ್ಕೋಬಾರ್ದು.

ಈಗ ಸ್ವಲ್ಪ ಕಷ್ಟದ ವಿಷಯಕ್ಕೆ ಬರ್ತೀನಿ. ನಿಮ್ಮ ಆಶಾ ಕಾರ್ಯಕರ್ತೆ ಯಾರು? ಹಾಡಿಯವ್ರೇನಾ ಅಥವಾ ಪಕ್ಕದ ಊರಿನವ್ರಾ? ಊರಿನವ್ರಾಗಿದ್ರೆ ಹಾಡಿ ಮನೆ ಒಳಗೆ ಹೋಗ್ತಾರಾ, ಅಲ್ಲಿ ಕೊಟ್ಟ ನೀರು ಕುಡೀತಾರಾ? ಬಾಗಿಲಲ್ಲೇ ನಿಂತು ತಾಯಿ ಕಾರ್ಡ್‌ಗೆ ಎಂಟ್ರಿ ಮಾಡಿ ಹೋಗೋರು ಇದಾರೆ, ನಮಗೆಲ್ಲ ಗೊತ್ತಿರೋದೇ, ಮೀಟಿಂಗಲ್ಲಿ ಯಾರೂ ಹೇಳಲ್ಲ. ಇದನ್ನ ಎಲ್ರ ಮುಂದೆ ಹೆಸರು ಹಿಡಿದು ಕೇಳಿದ್ರೆ ಸರಿ ಹೋಗಲ್ಲ. ಜೋಡಿ ಮಾಡಿ ಕಳ್ಸಿ, ಹಾಡಿ ಹುಡ್ಗಿ ಒಬ್ಬಳು, ಊರಿನ ಆಶಾ ಒಬ್ಬಳು, ಮನೆ ಭೇಟಿ ಜೊತೇಲೇ ಮಾಡ್ಲಿ, ಊಟಾನೂ ಹಾಡೀಲೇ ಆಗ್ಲಿ. ಮುಂದಿನ ಸಲ ಜಾಗ ಖಾಲಿ ಆದಾಗ ಹಾಡಿಯವ್ರನ್ನೇ ತಗೊಳ್ಳಿ, ಓದು ಒಂದು ಕ್ಲಾಸ್ ಕಮ್ಮಿ ಇದ್ರೂ ವಿನಾಯಿತಿ ಕೇಳಿ. ನಮ್ಮ ಗಡಿ ದಾಟಿದ್ರೆ ಸಿಗೋ ತಮಿಳುನಾಡಿನ ಗುಡಲೂರಲ್ಲಿ ಅಶ್ವಿನಿ ಅನ್ನೋ ಸಂಸ್ಥೆ 1990ರಿಂದ ಆದಿವಾಸಿ ಆಸ್ಪತ್ರೆ ನಡೆಸ್ತಿದೆ, ಪಣಿಯ, ಬೆಟ್ಟಕುರುಂಬ, ಕಾಟುನಾಯಕ ಸಮುದಾಯದ ಹುಡ್ಗೀರನ್ನೇ ನರ್ಸ್ ಮಾಡಿದ್ರು, ಅವ್ರೇ ವಾರ್ಡ್ ನೋಡ್ಕೋತಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಮಧ್ಯೆ ಕೆಲಸ ಮಾಡಿರೋದೂ ನಿಮಗೆ ಗೊತ್ತಿರುತ್ತೆ, ನಿಮ್ಮದೇ ತಾಲ್ಲೂಕಿನ ಕಡೆ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವ್ರಿದಾರೆ. ನಿಮ್ಮ ಸ್ಟಾಫ್ ಒಂದು ದಿನ ಗುಡಲೂರಿಗೆ ಹೋಗಿ ನೋಡ್ಕೊಂಡು ಬಂದ್ರೆ ನನ್ನ ಇಷ್ಟುದ್ದ ಉತ್ತರಕ್ಕಿಂತ ಜಾಸ್ತಿ ಕಲೀತಾರೆ.

ಹಾಗಂತ ಹಾಡಿಯವ್ರು ಮಾಡೋದೆಲ್ಲ ಸರಿ ಅನ್ನಿ ಅಂತ ನಾನು ಹೇಳ್ತಿಲ್ಲ, ಈ ತಪ್ಪು ತಿಳುವಳಿಕೆ ಟ್ರೈನಿಂಗಲ್ಲಿ ಬಂದೇ ಬರುತ್ತೆ. ಎಳೇ ಮಗುವಿಗೆ ಹೊಟ್ಟೆ ಮೇಲೆ ಬರೆ ಹಾಕಿ ತಂದ್ರೆ ಅದು ಅಪಾಯಾನೇ, ಹೇಳ್ಬೇಕು. ಆದ್ರೆ ಮೊದ್ಲು ಮಗು ನೋಡಿ, ಆಮೇಲೆ ತಾಯಿಗೆ ಹೇಳಿ, ಅವಳನ್ನ ಅತ್ತೆ ಮುಂದೆ, ವಾರ್ಡಿನ ಮುಂದೆ ಬೈದ್ರೆ ಮುಂದಿನ ಮಗುವಿಗೂ ಬರೆ ಬೀಳುತ್ತೆ, ಆಸ್ಪತ್ರೆಗೆ ತರೋದು ಮಾತ್ರ ನಿಲ್ಲುತ್ತೆ. ಕಾಡು ಮದ್ದಿನ ವಿಚಾರಾನೂ ಹಂಗೇ. "ಏನಾದ್ರೂ ಬೇರು ಗೀರು ಕುಡ್ಸಿದ್ರಾ" ಅಂತ ಗದರಿದ್ರೆ ಇಲ್ಲ ಅಂತಾರೆ, ಆಗ ನಮಗೆ ಬೇಕಾದ ಮಾಹಿತೀನೇ ಹೋಯ್ತು. "ಮನೇಲಿ ಏನು ಮದ್ದು ಮಾಡಿದ್ರಿ, ಎಷ್ಟು ದಿನ ಕೊಟ್ರಿ" ಅಂತ ಬಿಪಿ ಶುಗರ್ ಕೇಳೋ ಹಾಗೇ ಕೇಳಿ, ಕೇಸ್ ಶೀಟಲ್ಲಿ ಬರೀರಿ. ತಮ್ಮಡಿನೋ ಗುಡಿ ಪೂಜಾರೀನೋ ಬಂದು ದಾರ ಕಟ್ತೀನಿ ಅಂದ್ರೆ ಡ್ರಿಪ್ ಪಕ್ಕದಲ್ಲಿ ಕಟ್ಲಿ, ಕಟ್ಟಿದ ದಾರಾನ ಸಿಸ್ಟರ್ ಕತ್ತರಿಲಿ ಕತ್ತರಿಸಿ ಎಸೆಯೋದು ಬೇಡ, ಆಪರೇಷನ್‌ಗೆ ತೆಗೀಲೇಬೇಕಾದ್ರೆ ಅವ್ರ ಕೈಲೇ ಬಿಚ್ಚಿಸಿ ಅವ್ರ ಕೈಗೇ ಕೊಡಿ.

ಹದಿನೆಂಟು ತುಂಬದ ಬಸುರಿಯರ ವಿಚಾರ ನೀವು ಕೇಳಿಲ್ಲ, ಆದ್ರೆ ನಿಮ್ಮಲ್ಲಿ ಖಂಡಿತ ಇದೆ. ಆಸ್ಪತ್ರೆಗೆ ಹೋದ್ರೆ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಕಾಯ್ದೆ) ಕೇಸ್ ಆಗುತ್ತೆ, ಗಂಡನ್ನ ಹಿಡ್ಕೊಂಡು ಹೋಗ್ತಾರೆ ಅನ್ನೋ ಸುದ್ದಿ ಹಾಡಿ ಹಾಡಿಗೂ ಮುಟ್ಟಿದೆ, ಅದಕ್ಕೇ ಹುಡ್ಗೀರು ಕಾಡಂಚಿನ ತೋಟದಲ್ಲಿ ಅವಿತ್ಕೊಂಡು ಮನೇಲೇ ಹೆರ್ತಾರೆ. ಮಾಹಿತಿ ಕೊಡೋದು ಕಾನೂನಿನ ಪ್ರಕಾರ ನಮ್ಮ ಕರ್ತವ್ಯ, ಅದನ್ನ ಮುಚ್ಚಿಡಿ ಅಂತ ನಾನು ಹೇಳಲ್ಲ. ಆದ್ರೆ ಆಶಾ ಬಾಯಲ್ಲಿ ಅದು ಬೆದರಿಕೆ ಆಗಬಾರ್ದು, "ಬಂದಿಲ್ಲ ಅಂದ್ರೆ ಪೊಲೀಸಿಗೆ ಹೇಳ್ತೀನಿ" ಅಂತ ಒಂದು ಸಲ ಅಂದ್ರೆ ಆ ಹಾಡಿ ಐದು ವರ್ಷ ಬಾಗಿಲು ಹಾಕ್ಕೊಳ್ಳುತ್ತೆ. ಏನಾಗುತ್ತೆ ಏನಾಗಲ್ಲ ಅಂತ ನಿಜ ಹೇಳಿ, ಜೊತೇಲಿ ಮಕ್ಕಳ ರಕ್ಷಣಾ ಘಟಕದವ್ರು, ಹಾಡಿ ಹಿರಿಯರು ಕೂತು ಮಾತಾಡೋ ಹಾಗೆ ಮಾಡಿ, ಏನೇ ಆದ್ರೂ ಚಿಕಿತ್ಸೆ ನಿಲ್ಲಲ್ಲ ಅಂತ ಖಾತ್ರಿ ಕೊಡಿ. ಇದಕ್ಕೆ ಸುಲಭದ ಉತ್ತರ ಇಲ್ಲ, ಟ್ರೈನಿಂಗಲ್ಲಿ ಒಂದು ಗಂಟೆ ಪೂರ್ತಿ ಇದಕ್ಕೇ ಇಟ್ಕೊಳಿ.

ನಿಮ್ಮ ಸ್ಟಾಫ್ ಕಷ್ಟಾನೂ ನನಗೆ ಗೊತ್ತು. ಆಶಾಗಳಿಗೆ ಇನ್ಸೆಂಟಿವ್ ತಿಂಗಳುಗಟ್ಟಲೆ ಬಾಕಿ, ಆನೆ ದಾರೀಲಿ ಒಬ್ಬರೇ ನಡೆದು ಹೋಗ್ತಾರೆ, ಮೇಲಿಂದ ಟಾರ್ಗೆಟ್. ಟಾರ್ಗೆಟ್ ಒತ್ತಡದಲ್ಲಿರೋ ನರ್ಸ್ ಬಾಯಿಂದ ಒಳ್ಳೇ ಮಾತು ಬರೋದು ಕಷ್ಟ. ಹಾಗಾಗಿ ಎರಡನೇ ದಿನ ಅವ್ರ ಮಾತೂ ಕೇಳಿ, ಎಂಒ ಎದುರಿಗೇ. ತಕ್ಷಣ ಬದಲಾಯಿಸಬಹುದಾದ್ದು ಬದಲಾಯಿಸಿ. ಉದಾಹರಣೆಗೆ ಗುರುವಾರ ಲಸಿಕೆ, 9ನೇ ತಾರೀಕು ಬಸುರಿಯರ ತಪಾಸಣೆ ಅಂತ ನಮ್ಮ ಕ್ಯಾಲೆಂಡರ್ ಇದೆ, ಕಾಫಿ ಕೊಯ್ಲಿನ ಕಾಲದಲ್ಲಿ ಹಾಡಿಯವ್ರೆಲ್ಲ ಕೊಡಗಿನ ತೋಟದಲ್ಲಿರ್ತಾರೆ, ಜೇನಿನ ಕಾಲದಲ್ಲಿ ಕಾಡಲ್ಲಿರ್ತಾರೆ. ಬಂದಿಲ್ಲ ಅಂತ ಡ್ರಾಪ್‌ಔಟ್ ಬರೆಯೋ ಬದಲು ಯಾವ ತಿಂಗಳು ಯಾರು ಎಲ್ಲಿರ್ತಾರೆ ಅಂತ ಹಾಡಿಯವ್ರ ಜೊತೇಲೇ ಕೂತು ಒಂದು ಪಟ್ಟಿ ಮಾಡ್ಕೊಳಿ, ಕೊಡಗಿನ ಕಡೆ ಸಬ್‌ಸೆಂಟರ್‌ಗೆ ಫೋನ್ ಮಾಡಿ ಹೇಳಿ.

ಎರಡೇ ದಿನಕ್ಕೆ ಮುಗಿಸೋ ಹಾಗಿದ್ರೆ ಮಾಡದೇ ಇದ್ರೂ ಒಂದೇ. ತಿಂಗಳಿಗೊಮ್ಮೆ ಆಶಾ ಮೀಟಿಂಗ್ ಹೇಗೂ ಇರುತ್ತಲ್ಲ, ಅದರಲ್ಲಿ ಅರ್ಧ ಗಂಟೆ ಆ ತಿಂಗಳು ವಾಪಸ್ ಹೋದ ಒಬ್ಬ ಪೇಷೆಂಟ್ ಬಗ್ಗೆ ಮಾತಾಡಿ, ಹೆಸರಿಲ್ದೆ, ಯಾರದ್ದೂ ತಪ್ಪು ಹುಡುಕ್ದೆ. ಟ್ರೈನಿಂಗ್ ಫಲ ಕೊಡ್ತಾ ಇಲ್ವಾ ಅಂತ ತಿಳ್ಕೊಳೋಕೆ ಪೋಸ್ಟ್ ಟೆಸ್ಟ್ ಮಾರ್ಕ್ಸ್ ನೋಡ್ಬೇಡಿ, ಅದರಲ್ಲಿ ಎಲ್ರಿಗೂ ಹತ್ತಕ್ಕೆ ಒಂಬತ್ತು ಬರುತ್ತೆ. ಹಾಡಿಯವ್ರನ್ನ ಕೇಳ್ಬೇಕು, ಅದೂ ಸ್ಟಾಫ್ ಕೇಳಬಾರ್ದು, ಹಾಡಿಯದೇ ಓದಿರೋ ಯುವಕ ಯುವತಿಯರು ಮನೆ ಮನೆಗೆ ಹೋಗಿ ಕೇಳ್ಲಿ: ಅಲ್ಲಿ ನಿಮ್ಮನ್ನ ಹೆಸರು ಹಿಡಿದು ಕರೆದ್ರಾ, ಹೇಳಿದ್ದು ಅರ್ಥ ಆಯ್ತಾ, ಯಾರಾದ್ರೂ ಬೈದ್ರಾ, ಇನ್ನೊಂದು ಸಲ ಹೋಗ್ತೀರಾ. ಉತ್ತರಗಳನ್ನ ಜನ ಆರೋಗ್ಯ ಸಮಿತಿ ಮೀಟಿಂಗಲ್ಲಿ ಓದ್ಬೇಕು, ಆ ಸಮಿತೀಲಿ ಹಾಡಿ ಹೆಂಗಸ್ರು ಇರ್ಬೇಕು.

ಎಂಒ ಅವ್ರಿಗೆ ಪ್ಲಾನ್ ಬರೆಯೋವಾಗ ಇದಿಷ್ಟನ್ನೂ ಹಾಕಕ್ಕೆ ಹೋಗ್ಬೇಡಿ, ಒಂದು ಪುಟ ಸಾಕು. ಮೊದಲನೇ ದಿನ ಹಾಡಿ ಹಿರಿಯರ ಬಾಯಿಂದ ಚರಿತ್ರೆ, ಆಮೇಲೆ ಪಿಎಚ್‌ಸಿ ಸುತ್ತಾಟ. ಎರಡನೇ ದಿನ ಸಿಕಲ್ ಸೆಲ್ ಮತ್ತೆ ಹೆರಿಗೆ ನಾಟಕ, ಪೋಕ್ಸೋ ಚರ್ಚೆ, ಸ್ಟಾಫ್ ಮಾತು. ಹಿರಿಯರ ಗೌರವಧನಕ್ಕೆ ಅನ್‌ಟೈಡ್ ಫಂಡ್‌ನಲ್ಲಿ (ಇಂಥದ್ದಕ್ಕೇ ಅಂತ ಕಟ್ಟದ ಹಣ) ದಾರಿ ಇದೆಯಾ ಅಂತ ಮೊದ್ಲೇ ಕೇಳಿಟ್ಕೊಳಿ, ಕೊನೇ ದಿನ ದುಡ್ಡಿಲ್ಲ ಅನ್ನೋ ಹಾಗಾಗ್ಬಾರ್ದು. ಮತ್ತೆ ಎಂಒ ಅವ್ರೂ ಎರಡೂ ದಿನ ಕೂರ್ಬೇಕು ಅಂತ ಬರೀರಿ, ಅವ್ರು ಉದ್ಘಾಟನೆ ಮಾಡಿ ಎದ್ದು ಹೋದ್ರೆ ಉಳಿದವ್ರೂ ಇದನ್ನ ಗಂಭೀರವಾಗಿ ತಗೊಳ್ಳಲ್ಲ. ತಾರೀಕನ್ನ ಮಾತ್ರ ಹಾಡಿ ಯಜಮಾನರನ್ನ ಕೇಳಿ ಇಟ್ಕೊಳಿ.